ಸಿಯೋಲಿನ ಪುಷ್ಪಚಕ್ರ, ಟೋಕಿಯೊದ ಚೆಕಿ: ಎಂಟು ದಿನಗಳ ಅಭಿಮಾನಿ ಯಾತ್ರೆ

ಮೊದಲನೆಯ ದಿನ, ಗುರುವಾರ

2024ರ ಅಕ್ಟೋಬರ್ 10ರ ಮಧ್ಯಾಹ್ನ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಎಂಟು ದಿನಗಳ ವೇಳಾಪಟ್ಟಿ ಅಕ್ಕನ ಮಗಳ ಕೈಯಲ್ಲಿತ್ತು. ಅವಳೊಬ್ಬಳನ್ನೇ ಕಳಿಸಲೊಪ್ಪದ ಅಕ್ಕನ ಕಟ್ಟಪ್ಪಣೆ ನನ್ನ ತಲೆಯ ಮೇಲಿತ್ತು. ನಾವು ಪುಟ್ಟಿ ಎಂದೇ ಕರೆಯುವ ಈ ಹುಡುಗಿ ಕೊರಿಯಾದ ಏಳು ಗಾಯಕರ ಬಿಟಿಎಸ್ ತಂಡದ ಜಿಮಿನ್‌ನ ಅಭಿಮಾನಿಯಾಗಿ ಏಳು ವರ್ಷ ಕಳೆದಿದ್ದಾಳೆ, ಅವನ ಹಾಡುಗಳ ನೆಪದಲ್ಲೇ ಕೊರಿಯನ್ ಭಾಷೆಯನ್ನು ಓದಿ ಮಾತನಾಡುವಷ್ಟು ಕಲಿತಿದ್ದಾಳೆ. ನಾನೋ ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಾಡು ಹೇಗಿದೆ ಎಂಬುದಕ್ಕಿಂತ ಹಾಡಿಗೆ ಯಾರು ಹಣ ಕೊಡುತ್ತಾರೆ, ಕೊಟ್ಟು ಏನನ್ನು ಪಡೆಯುತ್ತಾರೆ ಎಂಬುದರ ಕಡೆಗೇ ನನ್ನ ಗಮನ ಹರಿಯುತ್ತದೆ.

ಹಾಂಗಿಕ್ ವಿಶ್ವವಿದ್ಯಾಲಯದ ಮೆಟ್ರೊ ನಿಲ್ದಾಣದಲ್ಲಿ ಇಳಿದೊಡನೆ ಆ ಪ್ರಶ್ನೆಗೆ ಕೆಲಸ ಸಿಕ್ಕಿತು. ಗೋಡೆಯುದ್ದಕ್ಕೂ ಬೆಳಕಿನ ಚೌಕಟ್ಟುಗಳಲ್ಲಿ ಗಾಯಕ ಗಾಯಕಿಯರ ಹುಟ್ಟುಹಬ್ಬದ ಶುಭಾಶಯಗಳಿದ್ದವು. ಯಾವ ಕಂಪನಿಯೂ ಕೊಟ್ಟ ಜಾಹೀರಾತುಗಳಲ್ಲ ಅವು, ಅಭಿಮಾನಿಗಳು ತಮ್ಮೊಳಗೆ ಚಂದಾ ಎತ್ತಿ ಬಾಡಿಗೆ ಕಟ್ಟಿ ಹಾಕಿಸಿದವು. ಕೆಲವು ಚೌಕಟ್ಟುಗಳ ಅಂಚಿಗೆ ಕೈಬರಹದ ಅಂಟುಚೀಟಿಗಳು ದಟ್ಟವಾಗಿ ಹತ್ತಿಕೊಂಡಿದ್ದವು. ಅಲ್ಲಿಂದ ಹೊರಬಂದು ಹಾಂಗ್‌ಡೇ ಬೀದಿಗಳಲ್ಲಿ ನಡೆದರೆ ಕಾಣುವುದು ‘ಸೆಂಗಿಲ್ ಕಫೆ’, ಅಂದರೆ ಹುಟ್ಟುಹಬ್ಬದ ಕಾಫಿ ಅಂಗಡಿ. ಅಭಿಮಾನಿಗಳು ಒಂದು ಸಾಧಾರಣ ಕಾಫಿ ಅಂಗಡಿಯನ್ನು ಕೆಲವು ದಿನಗಳ ಮಟ್ಟಿಗೆ ಗೊತ್ತುಮಾಡಿಕೊಂಡು, ಗೋಡೆ, ಕನ್ನಡಿ, ಮೆಟ್ಟಿಲುಗಳನ್ನೆಲ್ಲ ತಮ್ಮ ಮೆಚ್ಚಿನವನ ಚಿತ್ರಗಳಿಂದ ತುಂಬುತ್ತಾರೆ. ಅಲ್ಲಿ ಕಾಫಿ ಕೊಂಡವರಿಗೆ ಅವನ ಚಿತ್ರವಿರುವ ಕಾಗದದ ಸುತ್ತುಪಟ್ಟಿ ಹಾಕಿದ ಲೋಟ ಸಿಗುತ್ತದೆ. ಜಿಮಿನ್ ಹುಟ್ಟಿದ್ದು ಅಕ್ಟೋಬರ್ 13ರಂದು. ಆದರೆ 2023ರ ಡಿಸೆಂಬರಿನಲ್ಲಿಯೇ ಅವನು ಕಡ್ಡಾಯ ಸೇನಾ ಸೇವೆಗೆ ಹೋಗಿದ್ದ.

“ಇಷ್ಟೆಲ್ಲ ಮಾಡಿದ್ದು ಅವನಿಗೆ ಗೊತ್ತಾಗುತ್ತದೆಯೇನೆ?” ಎಂದು ಕೇಳಿದೆ. “ಗೊತ್ತಾಗಬೇಕಾದದ್ದು ಅವನಿಗಲ್ಲ ಚಿಕ್ಕಮ್ಮ, ಊರಿಗೆ” ಎಂದಳು.

ಏಪ್ರಿಲ್ 24ರಂದು ಬೀದಿಗೊಂದು ಪೆಂಡಾಲು ಹಾಕಿ ಅನ್ನಸಂತರ್ಪಣೆ, ರಕ್ತದಾನ ಶಿಬಿರ ನಡೆಸುವ ರಾಜ್‌ಕುಮಾರ್ ಅಭಿಮಾನಿ ಸಂಘಗಳನ್ನು ನೋಡುತ್ತ ಬೆಳೆದವರಿಗೆ ಈ ಉತ್ತರ ಅಪರಿಚಿತವೇನಲ್ಲ. ಕೊರಿಯಾದಲ್ಲಿಯೂ ಸಂಗೀತ ಕಾರ್ಯಕ್ರಮದ ಬಾಗಿಲಲ್ಲಿ ಬರಿಯ ಹೂವಿನ ಬದಲು ಅಕ್ಕಿಯ ಲೆಕ್ಕ ಬರೆದ ಪುಷ್ಪಚಕ್ರಗಳನ್ನು ನಿಲ್ಲಿಸಿ, ಆ ಅಕ್ಕಿಯನ್ನು ತಾರೆಯ ಹೆಸರಿನಲ್ಲಿ ಬಡವರಿಗೆ ದಾನ ಮಾಡುವ ರೂಢಿಯಿದೆ. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರಿಗೆ ಸಾಹಿತ್ಯದ ನೊಬೆಲ್ ಬಂದ ಸುದ್ದಿ ಅಂಗಡಿಯೊಳಗೆ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಜಿಮಿನ್‌ನ ಲೋಟ ಹಿಡಿದಿದ್ದ ಹುಡುಗಿಯರು ಒಮ್ಮೆಗೇ ಕಿರುಚಿದ್ದನ್ನು ಕೇಳಿ, ಅವನೇ ಬಂದನೇನೋ ಎಂದು ನಾನು ಬಾಗಿಲ ಕಡೆ ನೋಡಿದೆ.

ಎರಡನೆಯ ದಿನ, ಶುಕ್ರವಾರ

ಕೊರಿಯಾದ ದೂರದರ್ಶನ ವಾಹಿನಿಗಳಲ್ಲಿ ವಾರದ ಬಹುಪಾಲು ದಿನಗಳಲ್ಲಿ ಒಂದಲ್ಲ ಒಂದು ಹಾಡಿನ ಸ್ಪರ್ಧೆ ನಡೆಯುತ್ತದೆ: ಗುರುವಾರ ಎಂನೆಟ್, ಶುಕ್ರವಾರ ಕೆಬಿಎಸ್, ಶನಿವಾರ ಎಂಬಿಸಿ, ಭಾನುವಾರ ಎಸ್‌ಬಿಎಸ್. ಶುಕ್ರವಾರದ ಕಾರ್ಯಕ್ರಮಕ್ಕಾಗಿ ಹಾಡುಗಾರರು ಯೊಯಿಡೊ ದ್ವೀಪದ ಕೆಬಿಎಸ್ ಕಟ್ಟಡಕ್ಕೆ ಬೆಳಿಗ್ಗೆಯೇ ಬರುತ್ತಾರೆ. ಆ ನಾಲ್ಕು ಹೆಜ್ಜೆಯ ಹಾದಿಗೆ ‘ಚುಲ್‌ಗುನ್ ಗಿಲ್’, ಅಂದರೆ ಕೆಲಸಕ್ಕೆ ಹೋಗುವ ದಾರಿ ಎಂದು ಹೆಸರು. ಆ ದಾರಿಯ ಎರಡು ಬದಿಯಲ್ಲಿ ಸಣ್ಣ ಅಲ್ಯೂಮಿನಿಯಂ ಏಣಿಗಳನ್ನಿಟ್ಟು, ತೋಳಿನಷ್ಟು ಉದ್ದದ ಲೆನ್ಸ್ ಹಿಡಿದು ಕಾಯುತ್ತಿದ್ದವರನ್ನು ಪತ್ರಿಕಾ ಛಾಯಾಗ್ರಾಹಕರೆಂದು ನಾನು ಭಾವಿಸಿದ್ದೆ. ಪತ್ರಿಕೆಯವರು ಒಂದು ಮೂಲೆಯಲ್ಲಿದ್ದರು, ಏಣಿಯವರು ‘ಹೋಮ್‌ಮಾ’ಗಳು. ಒಬ್ಬನೇ ಒಬ್ಬ ತಾರೆಯನ್ನು ಹಿಂಬಾಲಿಸಿ ಚಿತ್ರ ತೆಗೆದು, ಗಂಟೆಯೊಳಗೆ ಅಂತರಜಾಲಕ್ಕೆ ಏರಿಸಿ, ವರ್ಷದ ಕೊನೆಗೆ ಅವುಗಳಿಂದ ಕ್ಯಾಲೆಂಡರು, ಚಿತ್ರಪುಸ್ತಕ ಮಾಡಿ ಮಾರಿ, ಬಂದ ಹಣದಿಂದ ನಿನ್ನೆ ನೋಡಿದಂಥ ಜಾಹೀರಾತು ಹಾಕಿಸುವವರು ಇವರೇ. ಬಿಟ್ಟಿ ಪ್ರಚಾರವೆಂದು ಕಂಪನಿಗಳು ಬಹುಮಟ್ಟಿಗೆ ಕಣ್ಣುಮುಚ್ಚಿಕೊಳ್ಳುತ್ತವೆ.

ಒಳಗೆ ಹೋಗಲು ನಮಗೆ ಅವಕಾಶವಿರಲಿಲ್ಲ. ಸಂಜೆ ಹತ್ತಿರದ ಕಿಂಬಾಪ್ ಅಂಗಡಿಯ ಟಿವಿಯಲ್ಲಿಯೇ ಕಾರ್ಯಕ್ರಮ ನೋಡಿದೆವು. ಹಾಡಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡಿನ ನಡುವಿನ ಕೂಗು. ಹೊಸ ಹಾಡು ಬಂದಾಗ ಯಾವ ಸಾಲಿನ ನಂತರ ಏನೆಂದು ಕೂಗಬೇಕೆಂಬ ಪಾಠವನ್ನು, ಬಹಳ ಸಲ ಕಂಪನಿಯೇ, ಮೊದಲೇ ಪ್ರಕಟಿಸುತ್ತದೆ. ಅಭಿಮಾನಿಗಳು ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕಿಮ್ ನಾಮ್‌ಜುನ್, ಕಿಮ್ ಸೊಕ್‌ಜಿನ್, ಮಿನ್ ಯುಂಗಿ ಎಂದು ಬಿಟಿಎಸ್‌ನ ಏಳೂ ಜನರ ಹೆಸರನ್ನು, ಮೊದಲು ನಾಯಕ, ಆಮೇಲೆ ಉಳಿದವರು ವಯಸ್ಸಿನ ಕ್ರಮದಲ್ಲಿ ಎಂಬಂತೆ, ಪುಟ್ಟಿ ನನಗೆ ಒಪ್ಪಿಸಿದಾಗ, ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುವ ನಾಮಾವಳಿಯೇ ಕಿವಿಯಲ್ಲಿ ಕೇಳಿತು. 1990ರ ದಶಕದ ಕೊನೆಯಲ್ಲಿ ಎಚ್.ಒ.ಟಿ. ತಂಡದ ಅಭಿಮಾನಿಗಳು ಬಿಳಿ, ಜೆಕ್ಸ್ ಕೀಸ್ ತಂಡದ ಅಭಿಮಾನಿಗಳು ಹಳದಿ ಬಲೂನು ಹಿಡಿದು ಬೇರೆ ಬೇರೆ ಪಂಗಡವಾಗಿ ಕೂರುತ್ತಿದ್ದರಂತೆ. ಈಗ ಬಲೂನಿನ ಜಾಗಕ್ಕೆ ತಂಡಕ್ಕೊಂದರಂತೆ ವಿನ್ಯಾಸ ಮಾಡಿದ ದೀಪದ ಕೋಲು ಬಂದಿದೆ. ದೊಡ್ಡ ಸಂಗೀತ ಕಛೇರಿಗಳಲ್ಲಿ ನಮ್ಮ ಆಸನದ ಸಂಖ್ಯೆಯನ್ನು ಮೊಬೈಲಿನ ಮೂಲಕ ಅದಕ್ಕೆ ಹೊಂದಿಸಿಬಿಟ್ಟರೆ ಮುಂದೆ ಯಾವ ಬಣ್ಣ ಯಾವಾಗ ಹೊತ್ತಬೇಕೆಂಬುದನ್ನು ವೇದಿಕೆಯವರೇ ನಿರ್ಧರಿಸುತ್ತಾರೆ. ದೀಪ ನನ್ನದು, ಹಿಡಿದ ಕೈಯೂ ನನ್ನದು, ಗುಂಡಿ ಮಾತ್ರ ಅವರ ಬಳಿ.

ಕೊನೆಗೆ ಆ ವಾರದ ಗೆಲುವಿನ ಫಲಕ ಕೊಟ್ಟರು. ಆಲ್ಬಮ್ ಮಾರಾಟ, ಆನ್‌ಲೈನಿನಲ್ಲಿ ಹಾಡು ಕೇಳಿದವರ ಎಣಿಕೆ, ಪ್ರಸಾರ, ಮತ ಎಲ್ಲವನ್ನೂ ಕೂಡಿಸಿ ಅಂಕ ಲೆಕ್ಕ ಹಾಕುತ್ತಾರೆ. ಆದ್ದರಿಂದ ಹೊಸ ಹಾಡು ಬಂದ ವಾರ ಅಭಿಮಾನಿಗೆ ಅಕ್ಷರಶಃ ದುಡಿಮೆಯ ವಾರ. ಹಗಲೂ ರಾತ್ರಿ ಹಾಡನ್ನು ಓಡಿಸುವುದು, ಒಂದೇ ಆಲ್ಬಮ್‌ನ ನಾಲ್ಕಾರು ಆವೃತ್ತಿ ಕೊಳ್ಳುವುದು. ಪುಟ್ಟಿಯ ಬಳಿ ಹತ್ತೊಂಬತ್ತು ಸಿ.ಡಿ.ಗಳಿವೆ, ಅವನ್ನು ನುಡಿಸುವ ಯಂತ್ರ ನಮ್ಮಿಬ್ಬರ ಮನೆಯಲ್ಲಿಯೂ ಇಲ್ಲ. ಅವಳು ಕೊಳ್ಳುವುದು ಒಳಗಿರುವ ‘ಫೋಟೊಕಾರ್ಡ್’ಗಾಗಿ, ಯಾರ ಚಿತ್ರ ಬರುತ್ತದೆಂಬುದು ಲಕೋಟೆ ಒಡೆಯುವವರೆಗೆ ತಿಳಿಯುವುದಿಲ್ಲ. ಊಟ ಬಂದೊಡನೆ ಆ ಕಾರ್ಡನ್ನು ತಟ್ಟೆಯ ಪಕ್ಕಕ್ಕೆ ಹಿಡಿದು ಚಿತ್ರ ತೆಗೆದುಕೊಂಡ ಮೇಲೆಯೇ ಅವಳು ಉಣ್ಣಲು ಶುರುಮಾಡಿದ್ದು. ಕೊರಿಯನ್ನರು ಇದಕ್ಕೆ ‘ಯೆಜೊಲ್ ಶಾಟ್’, ಅಂದರೆ ಶಿಷ್ಟಾಚಾರದ ಚಿತ್ರ ಎನ್ನುತ್ತಾರೆ. ನೈವೇದ್ಯ ಎಂದರೂ ತಪ್ಪಾಗಲಿಕ್ಕಿಲ್ಲ.

ಮೂರನೆಯ ದಿನ, ಶನಿವಾರ

ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿಯನ್ನು ಲೀ ಸೂ-ಮಾನ್ ಸ್ಥಾಪಿಸಿದ್ದು 1995ರಲ್ಲಿ. ಎಳೆಯರನ್ನು ಆರಿಸಿ ವರ್ಷಗಟ್ಟಲೆ ಹಾಡು, ಕುಣಿತ, ಭಾಷೆಗಳ ತರಬೇತಿ ಕೊಟ್ಟು ತಂಡ ಕಟ್ಟುವ ಈಗಿನ ಪದ್ಧತಿಗೆ ಅಚ್ಚು ಸಿದ್ಧವಾದದ್ದು ಬಹುಪಾಲು ಅಲ್ಲಿಯೇ. ಸೊಂಗ್ಸು ಬಡಾವಣೆಯಲ್ಲಿರುವ ಅದರ ಕಟ್ಟಡವನ್ನು ಹೊರಗಿನಿಂದ ನೋಡಿ, ನೆಲಮಾಳಿಗೆಯ ಅಂಗಡಿಯಲ್ಲಿ ಒಂದೆರಡು ವಸ್ತು ಕೊಂಡು ಬರುವುದಷ್ಟೇ ನಮ್ಮ ಉದ್ದೇಶವಾಗಿತ್ತು.

ಅಲ್ಲಿಗೆ ಹೋದಾಗ ಕಾಲುದಾರಿಯುದ್ದಕ್ಕೂ ಆಳೆತ್ತರದ ಶೋಕದ ಪುಷ್ಪಚಕ್ರಗಳು ನಿಂತಿದ್ದವು. ಸತ್ತವರ ಮನೆಗೆ ಕಳಿಸುವಂಥವೇ, ಬಿಳಿ ಸೇವಂತಿಗೆಯವು, ಎರಡು ಪಕ್ಕ ಇಳಿಬಿಟ್ಟ ಪಟ್ಟಿಗಳ ಮೇಲೆ ಕಪ್ಪಕ್ಷರದ ಬರಹವಿದ್ದವು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ನಾನು ದನಿ ತಗ್ಗಿಸಿದೆ. ಪುಟ್ಟಿ ಪಟ್ಟಿಗಳನ್ನು ಓದಿ, ಸತ್ತವರು ಯಾರೂ ಇಲ್ಲವೆಂದು ತಿಳಿಸಿದಳು. ರೈಝ್ ಎಂಬ ತಂಡದ ಒಬ್ಬ ಹುಡುಗ, ತಂಡ ಸೇರುವ ಮೊದಲಿನ ಅವನ ಖಾಸಗಿ ಚಿತ್ರಗಳು ಬಯಲಾದ ಕಾರಣ, 2023ರ ನವೆಂಬರಿನಿಂದ ಕೆಲಸ ನಿಲ್ಲಿಸಿದ್ದ. ಅವನು ಮರಳುತ್ತಾನೆಂದು ಕಂಪನಿ ಪ್ರಕಟಿಸಿದ್ದು ಹಿಂದಿನ ದಿನ, ಅಂದರೆ ಶುಕ್ರವಾರ. ಇಲ್ಲಿಯ ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಇಪ್ಪತ್ತೊಂದರ ಆಸುಪಾಸಿನ, ಬದುಕಿರುವ ಹುಡುಗನೊಬ್ಬನಿಗೆ ಶವಸಂಸ್ಕಾರದ ಹೂವು ಕಳಿಸಿದ್ದರು. ಅವುಗಳ ಸಂಖ್ಯೆ ಸಾವಿರ ಮುಟ್ಟಿತೆಂದು ಪತ್ರಿಕೆಗಳು ಬರೆದವು.

ಇಷ್ಟು ಶಿಸ್ತಾದ ಕ್ರೌರ್ಯವನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಕೂಗಾಟವಿಲ್ಲ, ಕಲ್ಲುತೂರಾಟವಿಲ್ಲ, ಚಂದಾ ಎತ್ತಿ, ಹೂವಿನಂಗಡಿಗೆ ಹಣ ಕಟ್ಟಿ, ಸಾಲಾಗಿ ನಿಲ್ಲಿಸಿದ್ದರು. ಹುಟ್ಟುಹಬ್ಬದ ಫಲಕ ಹಾಕಿಸುವ ವ್ಯವಸ್ಥೆಯೂ ಇದೂ ಬೇರೆಯಲ್ಲ ಎಂಬುದು ಆಗ ಹೊಳೆಯಿತು. ಅದೇ ಚಂದಾ, ಅದೇ ಲೆಕ್ಕಪತ್ರ, ಊರಿಗೆ ಕಾಣಬೇಕೆಂಬ ಅದೇ ಹಂಬಲ. ತಂಡವನ್ನು ಮೇಲೆತ್ತಿದವರು ನಾವು, ನಮ್ಮ ದುಡಿಮೆಗೆ ಕಳಂಕ ತರುವವನನ್ನು ಇಳಿಸುವ ಹಕ್ಕೂ ನಮ್ಮದೇ ಎಂದು ಅವರು ಹೇಳುತ್ತಿದ್ದರು. ಪಾಲುದಾರರ ಸಭೆಯಲ್ಲಿ ಕೇಳಿಬರುವ ಮಾತು ಇದು. ವ್ಯತ್ಯಾಸವೆಂದರೆ ಇವರ ಕೈಯಲ್ಲಿ ಒಂದು ಪಾಲುಪತ್ರವೂ ಇಲ್ಲ. ಇದೇ ವರ್ಷದ ಮಾರ್ಚಿನಲ್ಲಿ ಅದೇ ಕಂಪನಿಯ ಏಸ್ಪಾ ತಂಡದ ಕರೀನಾ, ತಾನೊಬ್ಬ ನಟನನ್ನು ಪ್ರೀತಿಸುತ್ತಿರುವುದು ಹೊರಬಿದ್ದಾಗ, ಕೈಬರಹದಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದ್ದಳು.

ಪುಟ್ಟಿ ತುಂಬಾ ಹೊತ್ತು ಮಾತನಾಡಲಿಲ್ಲ. ಅಂಗಡಿಗೆ ಹೋಗದೆಯೇ ಹಿಂದಿರುಗಿದೆವು.

ನಾಲ್ಕನೆಯ ದಿನ, ಭಾನುವಾರ

ಬುಸಾನ್‌ಗೆ ಹೋಗುವ ಕೆಟಿಎಕ್ಸ್ ವೇಗದ ರೈಲಿನಲ್ಲಿ ನಮ್ಮೆದುರು ಎಪ್ಪತ್ತರ ಹತ್ತಿರದ ಇಬ್ಬರು ಹೆಂಗಸರು ಕುಳಿತಿದ್ದರು. ಇಬ್ಬರ ಚೀಲಕ್ಕೂ ಆಕಾಶನೀಲಿಯ ಪಟ್ಟಿ, ಅದರ ತುದಿಯಲ್ಲಿ ಲಿಮ್ ಯಂಗ್-ವುಂಗ್ ಎಂಬ ಗಾಯಕನ ನಗುಮುಖ. 2020ರಲ್ಲಿ ಟ್ರಾಟ್ ಎಂಬ ಹಳೆಯ ಧಾಟಿಯ ಹಾಡುಗಳ ಟಿವಿ ಸ್ಪರ್ಧೆಯಲ್ಲಿ ಗೆದ್ದ ಈತನಿಗೆ ಅಜ್ಜಿಯರ ಸೇನೆಯೇ ಇದೆ. ನೀಲಿ ಅವರ ಬಣ್ಣ. ಮೇ ತಿಂಗಳಲ್ಲಿ ಸಿಯೋಲಿನ ವಿಶ್ವಕಪ್ ಕ್ರೀಡಾಂಗಣದಲ್ಲಿ ಹಾಡಿದಾಗ, ಹುಲ್ಲು ಹಾಳಾಗದಿರಲೆಂದು ಆತ ಮೈದಾನದ ಮೇಲೆ ಕುರ್ಚಿ ಹಾಕಿಸಲಿಲ್ಲವೆಂಬುದನ್ನು ಅವರು ಸ್ವಂತ ಮಗನ ಗುಣಗಾನದಂತೆ ವಿವರಿಸಿದರು. ಮೊಮ್ಮಗಳಿಂದ ಮೊಬೈಲಿನಲ್ಲಿ ಹಾಡು ಓಡಿಸುವುದನ್ನು ಕಲಿತು ಈಗ ಬೇರೆಯವರಿಗೂ ಕಲಿಸುತ್ತಿದ್ದಾರಂತೆ. ಕೊರಿಯಾದ ಅಭಿಮಾನವೆಂದರೆ ಹದಿಹರೆಯದ ಹುಚ್ಚು ಎಂದುಕೊಂಡಿದ್ದ ನಾನು ಇಳಿಯುವ ಹೊತ್ತಿಗೆ ಅವರ ಸಂಘದ ಒಂದು ಕೀಲಿಗೊಂಚಲಿಗೆ ಒಡತಿಯಾಗಿದ್ದೆ.

ಬುಸಾನ್ ಜಿಮಿನ್‌ನ ಊರು. ಗಾಮ್‌ಚೊನ್ ಬೆಟ್ಟದ ಬಣ್ಣದ ಮನೆಗಳ ನಡುವೆ ಅವನೂ ಅದೇ ಊರಿನ ಜಂಗ್‌ಕುಕ್‌ನೂ ಇರುವ ಗೋಡೆಚಿತ್ರದ ಮುಂದೆ ಉದ್ದನೆಯ ಸಾಲು ಇತ್ತು. ಸಾಲಿನಲ್ಲಿ ಕೇಳಿಬಂದದ್ದು ಹೆಚ್ಚಾಗಿ ಜಪಾನೀ ಮಾತು.

ಅವರಲ್ಲಿ ಕೆಲವರನ್ನು ರಾತ್ರಿ ಜಪಾನಿನ ಫುಕುವೊಕಾ ನಗರದ ಬಂದರಾದ ಹಕಾತಾಗೆ ಹೊರಡುವ ಕಮೆಲಿಯಾ ಹಡಗಿನಲ್ಲಿ ಮತ್ತೆ ಕಂಡೆವು. ಚಾಪೆಯ ಮೇಲೆ ಸಾಲಾಗಿ ಮಲಗುವ ಕೋಣೆಯಲ್ಲಿ ನಮ್ಮ ಪಕ್ಕಕ್ಕೆ ಬಂದ ಫುಕುವೊಕಾದ ನಡುವಯಸ್ಸಿನ ಹೆಂಗಸು, ಸ್ವಲ್ಪ ಕೊರಿಯನ್ ಬಲ್ಲವರಾದ್ದರಿಂದ, ಪುಟ್ಟಿಯೊಡನೆ ಮಾತಿಗಿಳಿದರು. ಅಭಿಮಾನಕ್ಕೆ ಪೂರ್ತಿ ಬೀಳುವುದನ್ನು ಕೊರಿಯನ್ನರು ‘ಇಪ್‌ದೊಕ್’, ಬಿಟ್ಟು ಹೊರಬರುವುದನ್ನು ‘ತಾಲ್‌ದೊಕ್’ ಎನ್ನುತ್ತಾರೆ. ಆ ‘ದೊಕ್’ ಜಪಾನಿನಲ್ಲಿ ಒಂದೇ ಗೀಳಿಗೆ ಅಂಟಿಕೊಂಡವರನ್ನು ಕರೆಯುವ ‘ಒಟಾಕು’ವೇ; ಕೊರಿಯನ್ ನಾಲಿಗೆಯ ಮೇಲೆ ಒದೊಕ್ಕು ಆಗಿ, ದೊಕ್ಕು ಆಗಿ, ಸವೆದು ಒಂದಕ್ಷರಕ್ಕೆ ಇಳಿದಿದೆ. 1945ರಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ನಂತರ ಆ ದೇಶದ ಹಾಡು, ಚಿತ್ರಗಳಿಗೆ ಬಾಗಿಲು ಮುಚ್ಚಿದ್ದ ಕೊರಿಯಾ ಅದನ್ನು ಹಂತಹಂತವಾಗಿ ತೆರೆಯತೊಡಗಿದ್ದು ಅಧ್ಯಕ್ಷ ಕಿಮ್ ದೆ-ಜುಂಗ್ ಅವರ ಕಾಲದಲ್ಲಿ, 1998ರ ಅಕ್ಟೋಬರಿನಲ್ಲಿ. ಜಪಾನೀ ಭಾಷೆಯ ಹಾಡಿನ ಸಿ.ಡಿ.ಗಳಿಗೆ ಅನುಮತಿ ಸಿಕ್ಕಿದ್ದು 2004ರಲ್ಲಿ. ಪದಗಳು ಮಾತ್ರ ಯಾವ ಸುಂಕದ ಕಟ್ಟೆಗೂ ಕಾಯದೆ ದಾಟಿಬಿಟ್ಟಿದ್ದವು. ಎದುರು ದಿಕ್ಕಿನಲ್ಲಿ ಇದಕ್ಕೂ ಹಿಂದೆಯೇ ಹೋದದ್ದು ಚೋ ಯೊಂಗ್-ಪಿಲ್ ಹಾಡಿದ, ಬುಸಾನ್ ಬಂದರಿಗೆ ಮರಳಿ ಬಾ ಎಂದು ಕರೆಯುವ ಹಾಡು: ಕೊರಿಯನ್ ಮೂಲದಲ್ಲಿ ಸಮುದ್ರದಾಚೆ ಹೋದ ಸೋದರನಿಗೆ ಕಾಯುವ ಅದು, 1980ರ ದಶಕದ ಜಪಾನಿನಲ್ಲಿ ಬಾರದ ಪ್ರಿಯನ ಹಾಡಾಗಿ ಮನೆಮಾತಾಯಿತು. 2002ರಲ್ಲಿ ಬೋಆ ಎಂಬ ಹದಿಹರೆಯದ ಹುಡುಗಿ ಜಪಾನೀ ಭಾಷೆಯಲ್ಲಿಯೇ ಹಾಡಿ ಅಲ್ಲಿಯ ಒರಿಕಾನ್ ಎಂಬ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿದಳು. ಕೊರಿಯನ್ನರಲ್ಲಿ ಅದನ್ನು ಸಾಧಿಸಿದವಳು ಅವಳೇ ಮೊದಲು.

ಮಲಗುವ ಮುನ್ನ ಪುಟ್ಟಿ ಮೊಬೈಲು ತೋರಿಸಿದಳು. ರೈಝ್‌ನ ಆ ಹುಡುಗ ತಂಡ ಬಿಡುವುದಾಗಿ ಪತ್ರ ಬರೆದಿದ್ದ. ಮರಳುವ ಪ್ರಕಟಣೆಗೂ ಈ ಪತ್ರಕ್ಕೂ ನಡುವಿನ ಅಂತರ ಎರಡು ದಿನ.

ಐದನೆಯ ದಿನ, ಸೋಮವಾರ

ಹಕಾತಾ ಬಂದರಿನಲ್ಲಿ ಇಳಿದಾಗ ಜಪಾನಿನಲ್ಲಿ ಕ್ರೀಡಾ ದಿನದ ರಜೆ. ಟೋಕಿಯೊಗೆ ಐದು ಗಂಟೆಯ ರೈಲು ಹತ್ತುವ ಮೊದಲು ಫುಕುವೊಕಾದಲ್ಲಿ ಅರ್ಧ ದಿನವಷ್ಟೇ ಇತ್ತು. ಟೋಕಿಯೊದ ಹುಡುಗಿಯರ ದೊಡ್ಡ ಹಾಡಿನ ತಂಡ ಎಕೆಬಿ48ರ ಸೋದರಿ ತಂಡ ಎಚ್‌ಕೆಟಿ48ರ ನೆಲೆ ಈ ಊರೇ. 2018ರಲ್ಲಿ ಕೊರಿಯಾದ ಎಂನೆಟ್ ವಾಹಿನಿ ನೋಡುಗರ ಮತದಿಂದ ತಂಡ ಕಟ್ಟುವ ತನ್ನ ಆಯ್ಕೆ ಸ್ಪರ್ಧೆಗೆ ಎಕೆಬಿ ಬಳಗದ ಹುಡುಗಿಯರನ್ನು ಕರೆಸಿಕೊಂಡಾಗ, ಕೊನೆಗೆ ಆಯ್ಕೆಯಾದ ಹನ್ನೆರಡು ಜನರಲ್ಲಿ ಮೂವರು ಜಪಾನೀಯರು. ಅವರಲ್ಲಿ ಇಬ್ಬರು ಎಚ್‌ಕೆಟಿಯವರು. ಅವರಲ್ಲೊಬ್ಬಳಾದ ಮಿಯಾವಾಕಿ ಸಕುರಾ ಈಗ ಲ ಸೆರಾಫಿಮ್ ತಂಡದಲ್ಲಿ ಕೊರಿಯನ್ ತಾರೆಯಾಗಿಯೇ ಬೆಳೆದಿದ್ದಾಳೆ.

ರೈಲಿನಲ್ಲಿ ಕುಳಿತು ಈ ಮತಗಳ ವಿಷಯವನ್ನೇ ಯೋಚಿಸಿದೆ. ಎಕೆಬಿ48, 2009ರಿಂದ 2018ರವರೆಗೆ ವರ್ಷಕ್ಕೊಮ್ಮೆ ಚುನಾವಣೆ ನಡೆಸಿ ಮುಂದಿನ ಹಾಡಿನಲ್ಲಿ ಮುಂದೆ ನಿಲ್ಲುವವರು ಯಾರೆಂಬುದನ್ನು ಅಭಿಮಾನಿಗಳಿಗೇ ಬಿಟ್ಟಿತ್ತು. ಮತಪತ್ರ ಇರುತ್ತಿದ್ದದ್ದು ಸಿ.ಡಿ.ಯ ಒಳಗೆ. ನೂರು ಸಿ.ಡಿ. ಕೊಂಡವನಿಗೆ ನೂರು ಮತ. ಅದನ್ನು ಯಾರೂ ಮುಚ್ಚಿಡಲಿಲ್ಲ, ನಾಚಲೂ ಇಲ್ಲ. ಇದೇ ಫುಕುವೊಕಾ ಪ್ರಾಂತ್ಯದ ಬೆಟ್ಟವೊಂದರಲ್ಲಿ 2017ರಲ್ಲಿ ಒಬ್ಬಾತ ಐನೂರಕ್ಕೂ ಹೆಚ್ಚು ಎಕೆಬಿ ಸಿ.ಡಿ.ಗಳನ್ನು ಎಸೆದು ಪೊಲೀಸರ ಕೈಗೆ ಸಿಕ್ಕಿದ್ದ. ಎಂನೆಟ್‌ನ ಸ್ಪರ್ಧೆಯಲ್ಲಾದರೋ ನೋಡುಗರನ್ನು ‘ರಾಷ್ಟ್ರದ ನಿರ್ಮಾಪಕರು’ ಎಂದು ಸಂಬೋಧಿಸಿ ಮೊಬೈಲಿನಿಂದ ಮತ ಪಡೆಯುತ್ತಿದ್ದರು. ಎಣಿಕೆಯನ್ನೇ ತಿದ್ದಲಾಗಿತ್ತೆಂದು ತಿಳಿದಾಗ ದೇಶವೇ ಸಿಟ್ಟಿಗೆದ್ದು, 2019ರಲ್ಲಿ ಕಾರ್ಯಕ್ರಮದ ನಿರ್ಮಾಪಕರು ಜೈಲು ಸೇರಿದರು. ದುಡ್ಡಿಗೆ ಮತ ಎಂದು ಮೊದಲೇ ಹೇಳಿದ್ದ ಕಡೆ ಹಗರಣಕ್ಕೆ ಜಾಗವಿರಲಿಲ್ಲ. ಪ್ರಜೆಗಳೆಂದು ಕರೆದ ಕಡೆ ಪ್ರಜೆಗಳಂತೆಯೇ ಲೆಕ್ಕ ಕೇಳಿದರು.

ಆರನೆಯ ದಿನ, ಮಂಗಳವಾರ

ಅಕಿಹಬರಾದ ಡಾನ್ ಕಿಹೋಟೆ ಅಂಗಡಿಯ ಎಂಟನೆಯ ಮಹಡಿಯಲ್ಲಿ ಎಕೆಬಿ48ರ 250 ಜನ ಹಿಡಿಸುವ ರಂಗಮಂದಿರವಿದೆ. ನಾವು ಹೋದಾಗ ನವೀಕರಣಕ್ಕಾಗಿ ಬಾಗಿಲು ಹಾಕಿತ್ತು; ಡಿಸೆಂಬರಿನಲ್ಲಿ ಮತ್ತೆ ತೆರೆಯಿತೆಂದು ಆಮೇಲೆ ಓದಿದೆ. ‘ಹೋಗಿ ಭೇಟಿಯಾಗಬಹುದಾದ ಐಡಲ್’ (ಅಭಿಮಾನಿಗಳು ಆರಾಧಿಸುವ ಇಂಥ ಹಾಡುತಾರೆಗೆ ಐಡಲ್ ಎಂದು ಹೆಸರು) ಎಂಬ ಘೋಷಣೆಯೊಂದಿಗೆ ಅಕಿಮೊಟೊ ಯಸುಶಿ 2005ರ ಡಿಸೆಂಬರಿನಲ್ಲಿ ಶುರುಮಾಡಿದ ಈ ತಂಡದ ಮೊದಲ ಪ್ರದರ್ಶನಕ್ಕೆ ಟಿಕೆಟ್ ಕೊಂಡು ಬಂದವರು ಏಳೇ ಜನ ಎಂಬುದು ಅಭಿಮಾನಿಗಳ ಸ್ಥಳಪುರಾಣ. ಸಿ.ಡಿ. ಕೊಂಡವರಿಗೆ ಕೈಕುಲುಕುವ ಅವಕಾಶ ಕೊಟ್ಟ ಅದೇ ಪದ್ಧತಿಯ ನಡುವೆ, 2014ರ ಮೇ ತಿಂಗಳಲ್ಲಿ ಇವಾತೆ ಪ್ರಾಂತ್ಯದಲ್ಲಿ ಒಬ್ಬಾತ ಗರಗಸದಿಂದ ಇಬ್ಬರು ಹುಡುಗಿಯರನ್ನು ಗಾಯಗೊಳಿಸಿದ್ದೂ ಉಂಟು. ಅದಕ್ಕೂ ಮೊದಲು, 2013ರಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ ರಾತ್ರಿ ತಂಗಿದ್ದು ಬಯಲಾದ ಈ ತಂಡದ ಹುಡುಗಿಯೊಬ್ಬಳು ತಲೆ ಬೋಳಿಸಿಕೊಂಡು ಅಳುತ್ತ ಕ್ಷಮೆ ಕೇಳಿದ ದೃಶ್ಯವನ್ನು ಪುಟ್ಟಿ ತೋರಿಸಿದಳು. ಈ ಒಂದು ವಿಷಯದಲ್ಲಿ ಎರಡೂ ದೇಶಗಳಿಗೆ ಒಂದೇ ನಾಚಿಕೆಗೇಡು.

ರಾತ್ರಿ ಒಂದು ನೆಲಮಾಳಿಗೆಯ ‘ಲೈವ್ ಹೌಸ್’ಗೆ ಹೋದೆವು. ದೊಡ್ಡ ಕಂಪನಿಗಳ ಹಂಗಿಲ್ಲದ ಸಣ್ಣ ತಂಡಗಳು, ‘ಚಿಕಾ ಐಡಲ್’ ಅಂದರೆ ನೆಲದಡಿಯ ಐಡಲ್‌ಗಳು, ಹಾಡುವ ಜಾಗ ಅದು. ಬಾಗಿಲಲ್ಲಿ ಟಿಕೆಟ್ ಕೇಳುವುದಕ್ಕಿಂತ ಮೊದಲು ಕೇಳಿದ ಪ್ರಶ್ನೆ, “ಇಂದು ಯಾರನ್ನು ನೋಡಲು ಬಂದಿದ್ದೀರಿ?” ಎಂಬುದು. ಯಾವ ತಂಡದ ಹೆಸರು ಹೇಳುತ್ತೀರೋ ಅದರ ಲೆಕ್ಕಕ್ಕೆ ನಿಮ್ಮನ್ನು ಸೇರಿಸುತ್ತಾರೆ, ಹಣ ಹಂಚಿಕೊಳ್ಳುವುದು ಆ ಲೆಕ್ಕದ ಮೇಲೆ. ನಮಗೆ ಯಾರೂ ಗೊತ್ತಿಲ್ಲದ ಕಾರಣ ಪುಟ್ಟಿ ಗೋಡೆಯ ಚೀಟಿಯಲ್ಲಿದ್ದ ಒಂದು ಹೆಸರನ್ನು ಓದಿದಳು.

ಒಳಗೆ ಮೂವತ್ತು ಜನರಿದ್ದರೆ ಹೆಚ್ಚು, ಬಹಳ ಮಂದಿ ಆಫೀಸಿನಿಂದ ನೇರ ಬಂದ ಕೋಟಿನ ಗಂಡಸರು. ಮುನ್ನುಡಿಯ ಸಂಗೀತ ಶುರುವಾದೊಡನೆ ಅವರೆಲ್ಲ ಗಂಟಲು ಹರಿಯುವಂತೆ “ಟೈಗರ್, ಫೈರ್, ಸೈಬರ್, ಫೈಬರ್, ಡೈವರ್, ವೈಬರ್, ಜಾ ಜಾ!” ಎಂದು ಕೂಗತೊಡಗಿದರು. ‘ಮಿಕ್ಸ್’ ಎಂದು ಕರೆಯುವ ಈ ಕೂಗಿಗೆ ಅರ್ಥವಿಲ್ಲ. ಯಾವ ಕಂಪನಿಯೂ ಬರೆದುಕೊಟ್ಟದ್ದಲ್ಲ, ಅಭಿಮಾನಿಗಳೇ ಕಟ್ಟಿ ತಲೆಯಿಂದ ತಲೆಗೆ ದಾಟಿಸಿದ್ದು. ದೀಪದ ಕೋಲಿನ ಬಣ್ಣವನ್ನೂ ಅವರವರೇ ಗುಂಡಿ ಒತ್ತಿ ಬದಲಿಸಿಕೊಳ್ಳುತ್ತಾರೆ, ಯಾಕೆಂದರೆ ಇಲ್ಲಿ ಬಣ್ಣ ತಂಡಕ್ಕಲ್ಲ, ತಂಡದ ಒಬ್ಬೊಬ್ಬ ಹುಡುಗಿಗೆ. ಪಕ್ಕದಲ್ಲಿದ್ದ ಗುಂಡನೆಯ ಮನುಷ್ಯ ತನ್ನ ಎರಡು ಕೋಲುಗಳಲ್ಲಿ ಒಂದನ್ನು ನನ್ನ ಕೈಗಿಟ್ಟು ಹಳದಿ ಮಾಡಿಕೊಟ್ಟ. ಹಾಡು ಚೆನ್ನಾಗಿತ್ತೆಂದು ಹೇಳಲಾರೆ. ಶ್ರುತಿ ಜಾರಿತು, ಒಬ್ಬಳು ಹೆಜ್ಜೆ ಮರೆತು ನಕ್ಕಳು. ಯೊಯಿಡೊದ ಟಿವಿಯಲ್ಲಿ ಒಂದು ಕೂದಲೂ ಅಲುಗದಂತೆ ಕುಣಿದವರ ಎದುರು ಇವರು ಶಾಲಾ ವಾರ್ಷಿಕೋತ್ಸವದ ಮಕ್ಕಳಂತೆ ಕಂಡರು. ಆದರೆ ಹೆಜ್ಜೆ ಮರೆತ ಹುಡುಗಿಗೇ ಹೆಚ್ಚು ಕೂಗು ಬಿದ್ದದ್ದು.

ಹಾಡು ಮುಗಿದ ಮೇಲೆ ನಿಜವಾದ ವ್ಯಾಪಾರ. 1,500 ಯೆನ್ ಕೊಟ್ಟರೆ ಹುಡುಗಿಯೊಬ್ಬಳ ಜೊತೆ ನಿಂತು ‘ಚೆಕಿ’, ಅಂದರೆ ಕೂಡಲೇ ಅಚ್ಚಾಗಿ ಬರುವ ಪುಟ್ಟ ಫೋಟೊ, ತೆಗೆಸಿಕೊಳ್ಳಬಹುದು. ಅವಳು ಅದರ ಮೇಲೆ ಬಣ್ಣದ ಪೆನ್ನಿನಿಂದ ಬರೆಯುತ್ತಿರುವಷ್ಟು ಹೊತ್ತು, ಸುಮಾರು ಒಂದು ನಿಮಿಷ, ಮಾತನಾಡಬಹುದು. ನಿಮಿಷ ಮೀರಿದರೆ ಪಕ್ಕದಲ್ಲಿ ನಿಂತವನು ಭುಜ ಮುಟ್ಟಿ ಸರಿಸುತ್ತಾನೆ. ನಾನೂ ಸಾಲಿನಲ್ಲಿ ನಿಂತೆ. ಹಳದಿಯ ಹುಡುಗಿ ನನ್ನ ಹೆಸರು ಕೇಳಿ ಹಿರಗಾನಾ ಅಕ್ಷರಗಳಲ್ಲಿ ಬರೆದು, ಇಂಡಿಯಾದಿಂದ ಬಂದಿರೆಂದು ಬೆರಗಾಗಿ, ಮುಂದಿನ ವಾರವೂ ಬನ್ನಿ ಎಂದಳು.

ಕೋಲು ಕೊಟ್ಟವನು ನಾಲ್ಕು ವರ್ಷದಿಂದ ಬರುತ್ತಿದ್ದಾನಂತೆ. ಇಲ್ಲಿ ಅಭಿಮಾನಿ ಬಯಸುವ ದೊಡ್ಡ ಪದವಿಗೆ ‘ನಿಂಚಿ’ ಎಂದು ಹೆಸರು, ಅಂದರೆ ಅವಳು ನನ್ನನ್ನು ಗುರುತು ಹಿಡಿಯುವುದು. ಮೊಬೈಲಿನ ಅನುವಾದದ ಮೂಲಕ ಕೇಳಿದೆ: ಈ ತಂಡ ಬುದೋಕಾನ್ ಸಭಾಂಗಣದಲ್ಲಿ ಹಾಡುವಷ್ಟು ದೊಡ್ಡದಾಗಲೆಂದು ನಿಮಗೆ ಆಸೆಯೇ? ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಬೇಕು. ಆದರೆ ಆಗ ನಾನು ಎರಡನೆಯ ಮಹಡಿಯಲ್ಲಿ ಕೂರಬೇಕಾಗುತ್ತದೆ” ಎಂದ. ಸಿಯೋಲಿನ ಆ ಏಣಿಗಳ ಮೇಲೆ ನಿಂತ ಯಾರ ಬಾಯಿಂದಲೂ ಇಂಥ ಮಾತು ಬರಲಿಕ್ಕಿಲ್ಲ. ಅವರಿಗೆ ತಮ್ಮವರು ಎಷ್ಟು ಎತ್ತರಕ್ಕೆ ಹೋದರೂ ಸಾಲದು. ಇವನಿಗೆ ತನ್ನವಳು ಎರಡು ಗಜ ದೂರ ಸರಿದರೂ ನಷ್ಟ.

ಏಳನೆಯ ದಿನ, ಬುಧವಾರ

ಶಿಬುಯಾದ ಟವರ್ ರೆಕಾರ್ಡ್ಸ್ ಮಳಿಗೆಯಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಸಿ.ಡಿ.ಗಳೇ ತುಂಬಿರುವುದನ್ನು ನೋಡುವಾಗ, ಅಂಥ ಅಂಗಡಿಗಳು ಬೆಂಗಳೂರಿನಿಂದ ಕಾಣೆಯಾಗಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಬೇಕಾಯಿತು. ಅಮೆರಿಕದ ನಂತರ ಜಗತ್ತಿನ ಎರಡನೆಯ ದೊಡ್ಡ ಸಂಗೀತ ಮಾರುಕಟ್ಟೆ ಜಪಾನಿನದು. ಸಿ.ಡಿ.ಗೆ ಕಂಪನಿ ನಿಗದಿ ಮಾಡಿದ ಬೆಲೆಯನ್ನು ಅಂಗಡಿಯವರು ಇಳಿಸದಂತೆ ಕಾಯುವ ವ್ಯವಸ್ಥೆಯೂ ಇದೆ. ಮನೆಯೊಳಗಿನ ಸಂತೆಯೇ ಇಷ್ಟು ಸಮೃದ್ಧವಾಗಿರುವಾಗ ಹೊರಗೆ ಹೋಗಿ ಕೂಗುವ ಅಗತ್ಯವೇನು? ಇಲ್ಲಿನ ದೊಡ್ಡ ಪುರುಷ ತಂಡಗಳನ್ನು ನಡೆಸುತ್ತಿದ್ದ ಜಾನಿಸ್ ಸಂಸ್ಥೆ ತನ್ನ ಹುಡುಗರ ಚಿತ್ರಗಳನ್ನು ಅಂತರಜಾಲದ ಸುದ್ದಿಗಳಲ್ಲಿ ಬಳಸಲು 2018ರವರೆಗೆ ಬಿಡುತ್ತಲೇ ಇರಲಿಲ್ಲ. ಕೊರಿಯಾದ ಐದು ಕೋಟಿ ಜನರ ಪುಟ್ಟ ಸಂತೆ ಕಳ್ಳಪ್ರತಿಗಳಿಂದ ಕುಸಿದಾಗ ಅಲ್ಲಿಯ ಕಂಪನಿಗಳಿಗೆ ಹೊರದೇಶದ ಬಾಗಿಲು ತಟ್ಟದೆ ಗತಿಯಿರಲಿಲ್ಲ. ಹೋಮ್‌ಮಾಗಳ ಏಣಿಗೂ, ಜಪಾನಿನ ಸಭಾಂಗಣಗಳಲ್ಲಿ ಮೊಬೈಲು ಎತ್ತಿದರೆ ಓಡಿಬರುವ ಸಿಬ್ಬಂದಿಗೂ ಮೂಲ ಈ ಲೆಕ್ಕದಲ್ಲಿದೆ. ‘ರಾಷ್ಟ್ರೀಯ ಸ್ವಭಾವ’ವೆಂದು ಬರೆಯುವವರ ಮಾತು ನನಗೆ ರುಚಿಸುವುದಿಲ್ಲ.

ಆ ಜಾನಿಸ್ ಈಗ ಆ ಹೆಸರಿನಲ್ಲಿಲ್ಲ. ಸ್ಥಾಪಕ ಜಾನಿ ಕಿತಗಾವಾ ದಶಕಗಳ ಕಾಲ ಹುಡುಗರ ಮೇಲೆ ನಡೆಸಿದ್ದ ಲೈಂಗಿಕ ದೌರ್ಜನ್ಯವನ್ನು, ಬಿಬಿಸಿಯ ಸಾಕ್ಷ್ಯಚಿತ್ರದ ಬೆನ್ನಿಗೆ, 2023ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಒಪ್ಪಿಕೊಂಡಿತು. ಅಷ್ಟರಲ್ಲಿ ಆತ ಸತ್ತು ನಾಲ್ಕು ವರ್ಷವಾಗಿತ್ತು. ತಪ್ಪೇ ಮಾಡದ ಹುಡುಗನಿಗೆ ಎರಡು ದಿನದಲ್ಲಿ ಸಾವಿರ ಪುಷ್ಪಚಕ್ರ, ಇಂಥ ತಪ್ಪಿಗೆ ದಶಕಗಳ ಮೌನ: ಎರಡನ್ನೂ ತೂಗಿ ಯಾವುದು ಮೇಲೆಂದು ಹೇಳುವ ತಕ್ಕಡಿ ನನ್ನಲ್ಲಿಲ್ಲ.

ಸಂಜೆ ಶಿನ್-ಓಕುಬೊದ ಕೊರಿಯನ್ ಬೀದಿಯಲ್ಲಿ ಜಪಾನೀ ಶಾಲಾ ಹುಡುಗಿಯರ ನಡುವೆ ತಳ್ಳಿಕೊಂಡೇ ನಡೆಯಬೇಕಾಯಿತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಕೊರಿಯನ್ನರನ್ನು ಓಡಿಸಿರೆಂದು ಕೂಗುವ ಮೆರವಣಿಗೆಗಳು ನಡೆಯುತ್ತಿದ್ದವು. ದ್ವೇಷಭಾಷಣದ ವಿರುದ್ಧ 2016ರಲ್ಲಿ ಕಾನೂನೇ ಬಂತು. 2018ರ ನವೆಂಬರಿನಲ್ಲಿ, ಜಿಮಿನ್ ಹಿಂದೊಮ್ಮೆ ತೊಟ್ಟಿದ್ದ ಅಂಗಿಯ ಮೇಲೆ ಕೊರಿಯಾದ ಬಿಡುಗಡೆಯ ಬರಹದ ಜೊತೆ ಅಣುಬಾಂಬಿನ ಹೊಗೆಯ ಚಿತ್ರವಿದ್ದದ್ದು ವಿವಾದವಾಗಿ, ಬಿಟಿಎಸ್‌ನ ಜಪಾನೀ ಟಿವಿ ಕಾರ್ಯಕ್ರಮ ಹಿಂದಿನ ದಿನ ರದ್ದಾಯಿತು. ಕೆಲವೇ ದಿನಗಳ ನಂತರ ಅದೇ ತಂಡ ತುಂಬಿದ ಟೋಕಿಯೊ ಡೋಮ್‌ನಲ್ಲಿ ಹಾಡಿತು. ಅಣುಬಾಂಬಿನ ಸಂತ್ರಸ್ತರಲ್ಲಿ ಅವರ ಕಂಪನಿ ಕ್ಷಮೆ ಕೇಳಿತು. ಪುಟ್ಟಿ ಈ ಪ್ರಸಂಗದ ಬಗ್ಗೆ ಮಾತನಾಡುವಾಗ ಮಾತ್ರ ವಕೀಲಳಂತಾಗುವುದಿಲ್ಲ. “ಅವನು ನೋಡಿ ಹಾಕಿಕೊಳ್ಳಬೇಕಿತ್ತು ಚಿಕ್ಕಮ್ಮ” ಎಂದಳು.

ನನ್ನ ನಿನ್ನೆಯ ತೀರ್ಮಾನವನ್ನೂ ಅವಳೇ ಸಡಿಲಿಸಿದಳು. ಕೊರಿಯಾದ ಕಂಪನಿಗಳು ಈಗ ತಿಂಗಳ ಚಂದಾಕ್ಕೆ ತಾರೆಯರ ಸಂದೇಶ ಕಳಿಸುವ ಆ್ಯಪ್‌ಗಳನ್ನು ಮಾರುತ್ತವೆ. ಸಂದೇಶದಲ್ಲಿ ನಿಮ್ಮ ಹೆಸರೇ ಬರುವಂತೆ ಯಂತ್ರ ಸೇರಿಸುತ್ತದೆ. ಹತ್ತಿರವಿರುವ ಸುಖದ ಮಾರಾಟವನ್ನು ಸಿಯೋಲ್ ಕಲಿತಿದೆ. ಇತ್ತ 2020ರಲ್ಲಿ ಜೆವೈಪಿ ಕಂಪನಿ ಸೋನಿ ಜೊತೆಗೂಡಿ ಜಪಾನೀ ಹುಡುಗಿಯರನ್ನೇ ಕೊರಿಯನ್ ಅಚ್ಚಿನಲ್ಲಿ ತಿದ್ದಿ ನಿಜಿಯೂ ತಂಡ ಕಟ್ಟಿತು. ಆದರೂ ತಂಡ ಬಿಡುವ ಬಗೆಯಲ್ಲಿ ಹಳೆಯ ಗುರುತು ಉಳಿದಿದೆ: ಕೊರಿಯಾದಲ್ಲಿ ಏಳು ವರ್ಷದ ಕರಾರು ಮುಗಿದಾಗ ಅಭಿಮಾನಿಗಳು ಉಸಿರು ಬಿಗಿಹಿಡಿದು ಕಾಯುತ್ತಾರೆ, ಜಪಾನಿನಲ್ಲಿ ಹುಡುಗಿ ‘ಪದವೀಧರೆ’ಯಾಗಿ ಹೊರಗೆ ಹೋಗುತ್ತಾಳೆ, ಅವಳಿಗಾಗಿ ಬೀಳ್ಕೊಡುಗೆಯ ಕಛೇರಿ ನಡೆಯುತ್ತದೆ, ತಂಡ ಹೊಸಬರೊಂದಿಗೆ ಮುಂದುವರಿಯುತ್ತದೆ.

ಎಂಟನೆಯ ದಿನ, ಗುರುವಾರ

ನರಿತಾ ವಿಮಾನ ನಿಲ್ದಾಣದಲ್ಲಿ ಉಡಾನ್ ಎಂಬ ದಪ್ಪ ಶಾವಿಗೆಯ ಸಾರು ಮಾರುವ ಅಂಗಡಿಯಲ್ಲಿ ಕುಳಿತಾಗ, ಬಿಟಿಎಸ್‌ನ ಜೆ-ಹೋಪ್ ಆ ಬೆಳಿಗ್ಗೆ ಸೇನೆಯಿಂದ ಬಿಡುಗಡೆಯಾಗಿ ಹೊರಬಂದ ದೃಶ್ಯ ಮೊಬೈಲುಗಳಲ್ಲಿ ಓಡುತ್ತಿತ್ತು. ಪಕ್ಕದ ಮೇಜಿನ ಜಪಾನೀ ಹುಡುಗಿ ಅದನ್ನೇ ನೋಡುತ್ತಿರುವುದನ್ನು ಕಂಡು ಪುಟ್ಟಿ ತನ್ನ ಮೊಬೈಲನ್ನು ಎತ್ತಿ ತೋರಿಸಿದಳು. ಇಬ್ಬರೂ ಒಂದು ಮಾತೂ ಆಡದೆ ತಲೆಬಾಗಿ ನಮಸ್ಕರಿಸಿಕೊಂಡರು.

ಉಡಾನ್ ಬಂತು. ಪುಟ್ಟಿ ತನ್ನ ಜಿಮಿನ್ ಕಾರ್ಡನ್ನು ಬಟ್ಟಲಿಗೆ ಒರಗಿಸಿ, “ನಿಮ್ಮದೂ ತೆಗೆಯಿರಿ ಚಿಕ್ಕಮ್ಮ” ಎಂದಳು. ಹಳದಿಯ ಹುಡುಗಿಯ ಜೊತೆ ನಾನು ಪೆಚ್ಚಾಗಿ ನಿಂತಿರುವ ಚೆಕಿಯನ್ನು ಅವಳು ರಾತ್ರಿಯೇ ಒಂದು ಪ್ಲಾಸ್ಟಿಕ್ ಕವಚಕ್ಕೆ ಹಾಕಿಟ್ಟಿದ್ದಳು. ಅದರ ಮೇಲೆ ಬರೆದ ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿದೆಯೆಂದು ಪಕ್ಕದ ಮೇಜಿನ ಹುಡುಗಿ ಓದಿ ನಕ್ಕಳು. ಬೆಳಕು ಸರಿಬೀಳದೆ ಎರಡನ್ನೂ ಅತ್ತಿತ್ತ ಸರಿಸುತ್ತಿರುವಷ್ಟರಲ್ಲಿ ಉಡಾನ್ ಆರಿಹೋಯಿತು.